ಸ್ಕಾಪಿಯಾ ಕಾರ್ಡ್: ಕಾರವಾರದಿಂದ ದುಬೈ, ಬ್ಯಾಂಕಾಕ್‌ವರೆಗೆ ಬಳಸಿದ ಮೇಲೆ

ಮೊದ್ಲು ಲೆಕ್ಕ ಹೇಳ್ಬಿಡ್ತೇನೆ. ನಮ್ಮ ಮಾಮೂಲಿ ಕಾರ್ಡನ್ನ ಹೊರದೇಶದಲ್ಲಿ ಉಜ್ಜಿದ್ರೆ ಸುಮಾರು ಬ್ಯಾಂಕಿನವ್ರು 3.5% ಫಾರೆಕ್ಸ್ ಮಾರ್ಕಪ್ (ಹೊರದೇಶದ ದುಡ್ಡನ್ನ ರೂಪಾಯಿಗೆ ಬದ್ಲಿಸೋಕೆ ರೇಟಿನ ಮೇಲೆ ಹಾಕೂ ಚಾರ್ಜು) ಹಾಕ್ತಾರೆ, ಆ ಚಾರ್ಜಿನ ಮೇಲೆ ಮತ್ತೆ 18% ಜಿಎಸ್‌ಟಿ, ಅಂದ್ರೆ 1 ಲಕ್ಷ ಖರ್ಚು ಮಾಡಿದ್ರೆ 4,130 ರೂಪಾಯಿ ಸುಮ್ನೆ ಹೋಯ್ತು. ಸ್ಟೇಟ್ಮೆಂಟಲ್ಲಿ ಚೂರುಚೂರಾಗಿ ಬರೂದ್ರಿಂದ ಯಾರೂ ಕೂಡ್ಸಿ ನೋಡೂದಿಲ್ಲ.

ನಮ್ಮ ಕಾರವಾರ, ಭಟ್ಕಳ ಕಡೆ ಗಲ್ಫಲ್ಲೋ ಶಿಪ್ಪಲ್ಲೋ ದುಡಿಯೋರಿಗೆ ಕಮ್ಮಿ ಇಲ್ಲ, ನಂಗೂ ಅಕ್ಕ ಭಾವ ದುಬೈಲಿ ಇರೂದ್ರಿಂದ ಗೋವಾ ಏರ್‌ಪೋರ್ಟಿಂದ ಹೋಗಿ ಬರೂದು ಇದ್ದೇ ಇರ್ತದೆ. ಅದಕ್ಕೇ ಫೆಡರಲ್ ಬ್ಯಾಂಕಿನ ಸ್ಕಾಪಿಯಾ ಕ್ರೆಡಿಟ್ ಕಾರ್ಡ್ ಮಾಡ್ಸಿದ್ದು. ವರ್ಷದ ಫೀ ಇಲ್ಲ, ಫಾರೆಕ್ಸ್ ಮಾರ್ಕಪ್ಪೂ ಇಲ್ಲ, ಎಲ್ಲ ಆಪಲ್ಲೇ. ಹೇಳಿದ್ದು ನಿಜವಾ ಅಂತ ನೋಡೋಕೆ ಕಾರ್ಡ್ ಪೇಮೆಂಟ್ ನಡೆಸೂ ಕಂಪನಿ ವೀಸಾದವ್ರ ವೆಬ್‌ಸೈಟಲ್ಲಿ ಕರೆನ್ಸಿ ಕ್ಯಾಲ್ಕ್ಯುಲೇಟರ್ ಇದ್ಯಲ್ಲ, ಅದ್ರಲ್ಲಿ ಬ್ಯಾಂಕ್ ಫೀ ಸೊನ್ನೆ ಹಾಕಿ ತಾಳೆ ನೋಡಿದೆ, ನಾಲ್ಕಾಣೆ ಎಂಟಾಣೆ ಫರಕು ಬಿಟ್ರೆ ಸರಿ ಬಂತು. ಇನ್ನೊಂದು, ಉಜ್ಜಿದ ದಿನ ತೋರ್ಸೂ ಮೊತ್ತ ಮುಂದೆ ಸೆಟಲ್ ಆಗೂವಾಗ ಚೂರು ಆಚೆ ಈಚೆ ಆಗ್ತದೆ, ರೇಟ್ ಬದಲಾಗಿರ್ತದೆ ಅಷ್ಟೆ, ಮೋಸ ಎಂತದೂ ಅಲ್ಲ.

ಆದ್ರೆ ಮಾರಾಯ್ರೆ, ಕಾರ್ಡ್ ಎಷ್ಟೇ ಝೀರೋ ಇದ್ರೂ ದುಡ್ಡು ಸೋರೂ ಜಾಗ ಬೇರೆನೇ ಇದೆ. ಅಂಗಡಿಯ ಸ್ವೈಪ್ ಮಿಷನ್ನು ನಮ್ದು ಇಂಡಿಯಾ ಕಾರ್ಡ್ ಅಂತ ಕಂಡ ಕೂಡ್ಲೇ "ದಿರ್ಹಮಲ್ಲಿ ಕೊಡ್ತೀರಾ ರೂಪಾಯಲ್ಲಿ ಕೊಡ್ತೀರಾ" ಅಂತ ಕೇಳ್ತದೆ. ರೂಪಾಯಿ ಅಂದ್ರೆ ನಮ್ದೇ ದುಡ್ಡು, ಲೆಕ್ಕ ಸಲೀಸು ಅಂತ ಅನಿಸ್ತದೆ, ಅಲ್ದಾ? ರೂಪಾಯಿ ಒತ್ತಿದ್ರೆ ರೇಟ್ ಹಾಕೂದು ವೀಸಾ ಅಲ್ಲ, ಆ ಮಿಷನ್ನಿನ ಹಿಂದೆ ಇರೂ ಕಂಪನಿ, ಅವ್ರ ಲಾಭ ಆ ರೇಟಿನೊಳಗೇ ಕೂತಿರ್ತದೆ, ಝೀರೋ ಮಾರ್ಕಪ್ ಆಗ ಯಾವ ಉಪಯೋಗಕ್ಕೂ ಇಲ್ಲ. ಕೆಲವು ಬ್ಯಾಂಕಿನವ್ರು ಹೊರದೇಶದಲ್ಲಿ ರೂಪಾಯಲ್ಲಿ ಕೊಟ್ಟಿದ್ದಕ್ಕೂ 1% ಬೇರೆ ಹಾಕ್ತಾರೆ. ದುಬೈಯ ದೇರಾ ಕಡೆ ಒಂದು ಅಂಗಡಿಲಿ ಕ್ಯಾಶಿಯರ್ ನನ್ನ ಕೇಳ್ದೇನೇ ಅವ್ನೇ ರೂಪಾಯಿ ಒತ್ಬಿಟ್ಟ, ಸ್ಲಿಪ್ಪಲ್ಲಿ ಐಎನ್‌ಆರ್ ಅಂತ ಕಂಡು ಕ್ಯಾನ್ಸಲ್ ಮಾಡಿ ಮತ್ತೆ ಹಾಕು ಅಂದ್ರೆ ಮುಖ ಗಂಟು ಹಾಕ್ಕೊಂಡ, ನಾನು ಬಿಡ್ಲಿಲ್ಲ. ಭಾವ ಪಕ್ಕದಲ್ಲಿ ನಿಂತು "ಹೋಗ್ಲಿ ಬಿಡಾ, ಎಷ್ಟ್ ಹೋಗೂದು" ಅಂತಿದ್ರು, ಅವ್ರಿಗೆ ಸಂಬಳನೇ ದಿರ್ಹಮಲ್ಲಿ! ಸ್ಲಿಪ್ಪಿಗೆ ಸೈನ್ ಮಾಡೂ ಮೊದ್ಲು, ಪಿನ್ ಒತ್ತೂ ಮೊದ್ಲು, ಸ್ಕ್ರೀನ್ ನೋಡಿ. ಎಟಿಎಂಲೂ ಹಂಗೇ, ಕನ್ವರ್ಷನ್ ಬೇಡ ಅಂತ ಒತ್ತಿದ್ರೂ ದುಡ್ಡು ಬರ್ತದೆ, ಹೆದರೂದು ಬೇಡ. ಕೆಲವು ಏರ್‌ಲೈನ್, ಹೋಟೆಲ್ ವೆಬ್‌ಸೈಟಲ್ಲೂ ಇದೇ ಆಟ ಇದೆ.

ಕ್ಯಾಶಿಗೆ ಮಾತ್ರ ಈ ಕಾರ್ಡ್ ಮುಟ್ಬೇಡಿ. ಕ್ರೆಡಿಟ್ ಕಾರ್ಡಲ್ಲಿ ಕ್ಯಾಶ್ ತೆಗೆದ್ರೆ ಚಾರ್ಜ್ ಒಂದು ಕಡೆ, ಅದೇ ದಿನದಿಂದ ಬಡ್ಡಿ ಇನ್ನೊಂದು ಕಡೆ. ಥಾಯ್ಲೆಂಡಲ್ಲಂತೂ ಹೊರಗಿನ ಕಾರ್ಡಿಗೆ ಅಲ್ಲಿನ ಎಟಿಎಂನವ್ರು ಒಂದು ಸಲಕ್ಕೆ 220 ಬಾತ್ ಅಥವಾ ಅದ್ಕಿಂತ ಮೇಲೇ ಹಿಡೀತಾರೆ, ಅದು ಅಲ್ಲಿನ ಬ್ಯಾಂಕಿನ ಚಾರ್ಜು, ನಮ್ಮ ಕಾರ್ಡ್ ಯಾವುದಾದ್ರೂ ತಪ್ಪೂದಿಲ್ಲ. ಬ್ಯಾಂಕಾಕಿನ ಬೀದಿ ಊಟಕ್ಕೆ, ದುಬೈ ಕ್ರೀಕ್ ದಾಟೂ ಅಬ್ರಾ ದೋಣಿಗೆ ಕೈಲಿ ಚಿಲ್ರೆ ಬೇಕೇ ಬೇಕು. ನಾನು ಸ್ವಲ್ಪ ನೋಟು ಊರಿಂದ್ಲೇ ಮಾಡ್ಸಿಕೊಂಡು ಹೋಗ್ತೇನೆ, ಏರ್‌ಪೋರ್ಟ್ ಕೌಂಟರಿನ ರೇಟ್ ನೋಡಿದ್ರೆ ಹೊಟ್ಟೆ ಉರೀತದೆ.

ಮೊದ್ಲೇ ಹೊರದೇಶದ ಕರೆನ್ಸಿ ತುಂಬ್ಸಿಡೂ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡನ್ನೂ ಮೊದ್ಲು ಬಳಸಿದ್ದೆ. ಮೊದ್ಲೇ ರೇಟ್ ಲಾಕ್ ಆಗ್ತದೆ ಅನ್ನೂದೊಂದೇ ಅನುಕೂಲ. ಡಾಲರ್ ತುಂಬ್ಸಿ ದುಬೈಲಿ ಉಜ್ಜಿದ್ರೆ ಕ್ರಾಸ್ ಕರೆನ್ಸಿ ಚಾರ್ಜ್ (ತುಂಬ್ಸಿದ್ದು ಬಿಟ್ಟು ಬೇರೆ ಕರೆನ್ಸಿಲಿ ಉಜ್ಜಿದ್ದಕ್ಕೆ) ಬೀಳ್ತದೆ, ದಿರ್ಹಮ್ ಡಾಲರಿಗೆ 3.6725ರಂತೆ 1997ರಿಂದ ಕಟ್ಟಿಟ್ಟದ್ದೇ ಆದ್ರೂ ಚಾರ್ಜ್ ಚಾರ್ಜೇ. ತಗೊಳ್ಳೂದಾದ್ರೆ ಹೋಗೂ ದೇಶದ ಕರೆನ್ಸಿನೇ ತುಂಬ್ಸಿ.

ಇಷ್ಟ ಆಗದ್ದು ಅಂದ್ರೆ ರಿವಾರ್ಡ್ ಕಾಯಿನ್ನು, ಅವ್ರ ಆಪಲ್ಲಿ ಟಿಕೆಟ್ ಹೋಟೆಲ್ ಬುಕ್ ಮಾಡೋಕಷ್ಟೇ, ನಂಗೆ ಕ್ಯಾಶ್‌ಬ್ಯಾಕೇ ಇಷ್ಟ. ಮತ್ತೆ ಊರಿನ ಸಿಮ್ಮನ್ನ ರೋಮಿಂಗಲ್ಲಿ ಜೀವಂತ ಇಟ್ಕೊಳ್ಳಿ, ಓಟಿಪಿ ಬರ್ದೇ ಇದ್ರೆ ಆಪ್ ತೆರೆಯೂದಿಲ್ಲ. ಹೋಟೆಲ್‌ನವ್ರು ಡಿಪಾಸಿಟ್ ಅಂತ ಲಿಮಿಟ್ ಬ್ಲಾಕ್ ಮಾಡಿದ್ದು ಬಿಡೋಕೆ ಕೆಲವು ದಿನ ಹಿಡೀತದೆ, ಹಾಗಾಗಿ ಇದೊಂದೇ ಕಾರ್ಡ್ ನಂಬ್ಕೊಂಡು ಹೋಗ್ಬೇಡಿ. ಸಾಮಾನು ವಾಪಸ್ ಕೊಟ್ರೆ ರಿಫಂಡ್ ಬರೂದು ಆ ದಿನದ ರೇಟಲ್ಲಿ, ಕೊಟ್ಟಷ್ಟೇ ಬರ್ತದೆ ಅಂತ ಕೂರ್ಬೇಡಿ.

ಹೊಸ ಕಾರ್ಡಲ್ಲಿ ಇಂಟರ್‌ನ್ಯಾಷನಲ್ ಬಳಕೆ ಆಫೇ ಇರ್ತದೆ, 2020ರಿಂದ ಆರ್‌ಬಿಐ ರೂಲ್ ಹಂಗಿದೆ. ವಿಮಾನ ಹತ್ತೂ ಮೊದ್ಲು ಆನ್ ಮಾಡಿ, ಗೋವಾದಲ್ಲಿ ಇಳಿದ ಕೂಡ್ಲೇ ಮತ್ತೆ ಆಫ್ ಮಾಡಿ.