8×42 ಬೈನಾಕ್ಯುಲರ್: ಜೌಗುಪ್ರದೇಶದಲ್ಲಿ ನಸುಕಿನಿಂದ ಮುಸ್ಸಂಜೆಯವರೆಗೆ

ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಗೋಡೆಯ ಬರಹ ಓದಲು ಬರುತ್ತದೆಯೇ ಎಂದು ನೋಡಿ ಬೈನಾಕ್ಯುಲರ್ ಕೊಳ್ಳುವವರೇ ಹೆಚ್ಚು. ಆ ಪರೀಕ್ಷೆಯಲ್ಲಿ ಎಲ್ಲ ಬೈನಾಕ್ಯುಲರ್‌ಗಳೂ ತೇರ್ಗಡೆಯಾಗುತ್ತವೆ. ಅದರ ನಿಜವಾದ ಗುಣ ತಿಳಿಯಬೇಕಾದರೆ ಮಂಜು, ಕೆಸರು, ನೀರಿನ ಹೊಳಪು ಮತ್ತು ಒಂದೆಡೆ ನಿಲ್ಲದ ಹಕ್ಕಿಗಳ ನಡುವೆ ಇಡೀ ದಿನ ಅದನ್ನು ಕೊರಳಿಗೆ ಹಾಕಿಕೊಂಡು ಓಡಾಡಬೇಕು. ಹೊಸದಾಗಿ ಕೊಂಡ ಮಧ್ಯಮ ದರ್ಜೆಯ 8×42 ಬೈನಾಕ್ಯುಲರ್ ಒಂದನ್ನು ಚಳಿಗಾಲದ ಒಂದು ದಿನ, ಜೌಗುಪ್ರದೇಶದ ಪಕ್ಷಿಧಾಮದಲ್ಲಿ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಕತ್ತಲಾಗುವವರೆಗೆ ಬಳಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಅಳತೆಯ ಮೊದಲ ಸಂಖ್ಯೆ ಎಷ್ಟು ಪಟ್ಟು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನೂ, ಎರಡನೆಯದು ಮುಂದಿನ ಮಸೂರದ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದನ್ನೂ ಹೇಳುತ್ತದೆ. 42ನ್ನು 8ರಿಂದ ಭಾಗಿಸಿದರೆ ಸಿಗುವ 5.25 ಮಿಲಿಮೀಟರ್, ಕಣ್ಣಿನ ಕಡೆಗೆ ಹೊರಬರುವ ಬೆಳಕಿನ ಕೋಲಿನ ದಪ್ಪ. ಜೊತೆಗಿದ್ದ ಸ್ನೇಹಿತರ 10×42ರಲ್ಲಿ ಅದು 4.2 ಮಿಲಿಮೀಟರ್ ಮಾತ್ರ. ನಡುಹಗಲಿನಲ್ಲಿ ಕಣ್ಣಿನ ಪಾಪೆ ಅದಕ್ಕಿಂತಲೂ ಕಿರಿದಾಗಿರುವುದರಿಂದ ಈ ಅಂತರಕ್ಕೆ ಬೆಲೆಯಿಲ್ಲ. ಆದರೆ ಪಾಪೆ ಅಗಲವಾಗಿ ತೆರೆದುಕೊಂಡಿರುವ ನಸುಕಿನಲ್ಲಿ, ಹುಲ್ಲಿನ ಅಂಚಿನಲ್ಲಿ ಅಲುಗಿದ ಕಪ್ಪು ಉಂಡೆಯ ಹಣೆಯ ಮೇಲಿನ ಬಿಳಿ ನಾಮ ನನಗೆ ಕಂಡಿತು, ಅವರಿಗೆ ಕಾಣಲಿಲ್ಲ. ನಾಮದ ಕೋಳಿ ಅಪರೂಪದ ಹಕ್ಕಿಯೇನಲ್ಲ, ಆದರೂ ಆ ಗಳಿಗೆಯಲ್ಲಿ ನನಗೆ ಸ್ವಲ್ಪ ಜಂಬವೇ ಬಂದಿತು.

ಜಂಬ ಹೆಚ್ಚು ಹೊತ್ತು ಉಳಿಯಲಿಲ್ಲ. ಕೊಳವೆಯೊಳಗೆ ನೈಟ್ರೋಜನ್ ತುಂಬಿ ಮುಚ್ಚಿರುವುದರಿಂದ ಮಂಜು ಹಿಡಿಯುವುದಿಲ್ಲ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು, ಅದು ನಿಜವೂ ಹೌದು. ಒಳಗಿನ ಮಸೂರಗಳು ದಿನವಿಡೀ ತಿಳಿಯಾಗಿಯೇ ಇದ್ದವು. ಹೊರಮೈಗೆ ಮಾತ್ರ ಈ ಭರವಸೆ ಅನ್ವಯಿಸುವುದಿಲ್ಲ. ಚಳಿಗೆ ಮೂಗಿನವರೆಗೆ ಸುತ್ತಿಕೊಂಡಿದ್ದ ಮಫ್ಲರಿನಿಂದ ಮೇಲಕ್ಕೆ ಬಂದ ನನ್ನದೇ ಉಸಿರು ಕಣ್ಣಿನ ಕಡೆಯ ಮಸೂರಗಳನ್ನು ಮತ್ತೆ ಮತ್ತೆ ಮಬ್ಬಾಗಿಸಿತು. ಮಫ್ಲರನ್ನು ಗದ್ದಕ್ಕೆ ಇಳಿಸಿದ ಮೇಲೆ ತೊಂದರೆ ತಪ್ಪಿತು, ಮೂಗು ಮರಗಟ್ಟಿತು.

ಈ ಬೈನಾಕ್ಯುಲರ್ ತನ್ನ ಬೆಲೆಗೆ ತಕ್ಕದ್ದು ಎಂದು ನನಗೆ ಅನ್ನಿಸಿದ್ದು ಬಿಸಿಲೇರಿದ ಮೇಲೆ. ವೀಕ್ಷಣಾ ಮರೆಯಿಂದ ಸುಮಾರು ನಲವತ್ತು ಮೀಟರ್ ದೂರದಲ್ಲಿ ಹತ್ತಾರು ಚಲುಕದ ಬಾತುಗಳು ಒಂದರ ಹಿಂದೆ ಒಂದರಂತೆ ಗಾಣದೆತ್ತಿನ ಹಾಗೆ ಸುತ್ತುತ್ತಾ, ತಳದಿಂದ ಕದಡಿ ಮೇಲೆದ್ದ ನೀರನ್ನು ಸಲಿಕೆಯಂಥ ಕೊಕ್ಕಿನಿಂದ ಸೋಸುತ್ತಿದ್ದವು. ಗಂಡೊಂದು ತಲೆಯೆತ್ತಿದಾಗ ಕೊಕ್ಕಿನ ಅಂಚಿನ ಬಾಚಣಿಗೆಯಂಥ ಸಾಲಿನಿಂದ ನೀರು ಹನಿಹನಿಯಾಗಿ ಇಳಿಯುವುದು, ಹಳದಿ ಕಣ್ಣು, ಬಿಸಿಲಿಗೆ ಹಸಿರಾಗಿ ಹೊಳೆದು ಮರುಕ್ಷಣ ಕಪ್ಪಾಗುವ ತಲೆ, ಎಲ್ಲವೂ ಕೈಗೆಟಕುವಂತೆ ಕಂಡವು. ಅಷ್ಟರಲ್ಲಿ ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದವು. 1000 ಮೀಟರ್ ದೂರದಲ್ಲಿ 129 ಮೀಟರ್ ಅಗಲದ ನೋಟ ಕೊಡುವ ಈ ಉಪಕರಣದ ಉಪಯೋಗ ಅರ್ಥವಾಗಿದ್ದು ಆಗಲೇ: ಗುಂಪನ್ನು ಬಿಡದೆ ಹಿಂಬಾಲಿಸುತ್ತಲೇ, ಅದರ ಕೆಳಗೆ ರೆಕ್ಕೆಗಳನ್ನು ಆಂಗ್ಲದ ವಿ ಅಕ್ಷರದಂತೆ ಎತ್ತಿ ಹಿಡಿದು ಜೊಂಡಿನ ಮೇಲೆ ತೇಲಿಬಂದ ಕಂದು ಮೈಯ, ಕೆನೆಬಣ್ಣದ ತಲೆಯ ಜೌಗು ಸೆಳೆವ ಎಂಬ ಬೇಟೆಹಕ್ಕಿಯನ್ನೂ ನೋಟದಲ್ಲಿ ಹಿಡಿಯಲು ಸಾಧ್ಯವಾಯಿತು. ಸ್ನೇಹಿತರು ಇನ್ನೂ ‘ಎಲ್ಲಿ, ಎಲ್ಲಿ?’ ಎನ್ನುತ್ತಿದ್ದರು. ಹಿಗ್ಗಿಸುವ ಶಕ್ತಿ ಹೆಚ್ಚಿದಂತೆ ಸಾಮಾನ್ಯವಾಗಿ ನೋಟ ಕಿರಿದಾಗುತ್ತದೆ, ಕೈನಡುಕವೂ ಅಷ್ಟೇ ಪಟ್ಟು ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಕೊಳ್ಳುವವರು ಮರೆಯುತ್ತಾರೆ.

ಕೆಸರುದಂಡೆಯ ಪುಟ್ಟ ಹಕ್ಕಿಗಳ ವಿಷಯದಲ್ಲಿ ಮಾತ್ರ 8 ಪಟ್ಟು ಸಾಲದು. ಹತ್ತಿರ ಬಂದ ಅಡವಿ ಗದ್ದೆಗೊರವನ ಬೆನ್ನಿನ ಚುಕ್ಕೆ, ಬಿಳಿ ಹುಬ್ಬು, ಹಳದಿ ಛಾಯೆಯ ಕಾಲುಗಳು ಸ್ಪಷ್ಟವಾಗಿದ್ದವು. ಆದರೆ ಇನ್ನೂರು ಮೀಟರ್ ಆಚೆ ಓಡಾಡುತ್ತಿದ್ದ ಸ್ಟಿಂಟ್ ಎಂಬ ಕಿರುಹಕ್ಕಿಗಳ ಕಾಲು ಕಪ್ಪೋ ಹಳದಿಯೋ ಎಂದು ಹೇಳಲಾಗದೆ, ಅದು ಕಿರು ಸ್ಟಿಂಟೋ ಟೆಮಿಂಕ್ ಸ್ಟಿಂಟೋ ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಖಾಲಿ ಬಿಡಬೇಕಾಯಿತು. ಇದಕ್ಕೆ ಮುಕ್ಕಾಲಿಯ ಮೇಲಿನ ಸ್ಪಾಟಿಂಗ್ ಸ್ಕೋಪ್ ಎಂಬ, ಇನ್ನೂ ಹೆಚ್ಚು ಹಿಗ್ಗಿಸುವ ದೂರದರ್ಶಕವೇ ಬೇಕು. ನೆತ್ತಿಯ ಬಿಸಿಲಿಗೆ ಕೆಸರಿನ ಮೇಲಿನ ಗಾಳಿ ನಡುಗತೊಡಗಿದ ಮೇಲೆ ಅದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಬೆಳ್ಳಕ್ಕಿಗಳ ಅಂಚಿನಲ್ಲಿ ತೆಳುವಾದ ನೇರಳೆ ಗೆರೆ ಕಾಣುವುದು ಈ ದರ್ಜೆಯ ಗಾಜಿನ ಮಿತಿ. ನಾನು ಅದನ್ನು ದೊಡ್ಡ ದೋಷವೆಂದು ಎಣಿಸುವುದಿಲ್ಲ.

ನನ್ನ ನಿಜವಾದ ತಕರಾರು ಬಲಗಣ್ಣಿನ ಬಳಿಯ ಡಯಾಪ್ಟರ್ ಉಂಗುರದ ಬಗ್ಗೆ. ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸವನ್ನು ಸರಿದೂಗಿಸುವ ಈ ಉಂಗುರವನ್ನು ಒಮ್ಮೆ ಹೊಂದಿಸಿದ ಮೇಲೆ ಅದು ಅಲುಗಬಾರದು. ಇದರಲ್ಲಿ ಬಿಗಿಹಿಡಿಯುವ ವ್ಯವಸ್ಥೆಯೇ ಇಲ್ಲ. ಜಾಕೆಟ್ಟಿಗೆ ಉಜ್ಜಿ ಅದು ಯಾವಾಗಲೋ ತಿರುಗಿಬಿಟ್ಟಿತ್ತು. ಮಧ್ಯಾಹ್ನದ ಎರಡು ಗಂಟೆ ಕಾಲ ನಾನು ನನ್ನ ಕಣ್ಣನ್ನೂ, ಕನ್ನಡಕವನ್ನೂ, ಕೊನೆಗೆ ನಿದ್ದೆಗೆಟ್ಟಿದ್ದನ್ನೂ ದೂರುತ್ತಾ ತಲೆನೋವು ತಂದುಕೊಂಡೆ. ಎಡಗಣ್ಣಿನಿಂದ ಮಾತ್ರ ನೋಡುತ್ತಾ ನಡುವಿನ ಚಕ್ರದಿಂದ ಫೋಕಸ್ ಮಾಡಿ, ಬಳಿಕ ಬಲಗಣ್ಣಿನಿಂದ ಅದೇ ವಸ್ತುವನ್ನು ನೋಡುತ್ತಾ ಉಂಗುರ ತಿರುಗಿಸಿದಾಗ ಎಲ್ಲವೂ ಸರಿಹೋಯಿತು. ಈಗ ಆ ಜಾಗದಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡಿದ್ದೇನೆ. ಕನ್ನಡಕ ಹಾಕುವವರು ಮಸೂರದ ಸುತ್ತ ಕಣ್ಣಿಗೆ ಆನಿಸಿಕೊಳ್ಳುವ ಬಟ್ಟಲನ್ನು ಪೂರ್ತಿ ಒಳಗೆ ತಿರುಗಿಸಿದರೆ ಇಡೀ ನೋಟ ಸಿಗುತ್ತದೆ, ಅದಕ್ಕೆ ಪೂರ್ಣ ಅಂಕ.

ತೂಕ 680 ಗ್ರಾಂ. ಪೆಟ್ಟಿಗೆಯಲ್ಲಿ ಬಂದ ತೆಳು ಪಟ್ಟಿಯಲ್ಲಿ ಅದು ಸಂಜೆಯ ಹೊತ್ತಿಗೆ ಕತ್ತನ್ನು ಕೊರೆಯತೊಡಗಿತು. ಭುಜಗಳ ಮೇಲೆ ಭಾರ ಹಂಚುವ ಹಾರ್ನೆಸ್ ಬೇರೆ ಕೊಳ್ಳಲೇಬೇಕು. ಸಡಿಲವಾದ ಮುಂದಿನ ಮುಚ್ಚಳವೊಂದು ಕೆಸರಿನ ಪಾಲಾಯಿತು.

ಸೂರ್ಯ ಮುಳುಗಿ ಇಪ್ಪತ್ತು ನಿಮಿಷ ಕಳೆದಿತ್ತು. ಒಣಮರದ ಕೊಂಬೆಯ ಮೇಲೆ ಬರಿಗಣ್ಣಿಗೆ ಗಂಟುಗಳಂತೆ ಕಂಡದ್ದು ಬೈನಾಕ್ಯುಲರ್‌ನಲ್ಲಿ ಸಾಲಾಗಿ ಕುಳಿತ ನೀರುಕಾಗೆಗಳಾದವು, ತುದಿಯಲ್ಲಿ ಕತ್ತು ಒಳಗೆಳೆದುಕೊಂಡ ಬೂದು ಬಕವೊಂದು. ಸ್ನೇಹಿತರು ತಮ್ಮ 10×42ನ್ನು ಚೀಲಕ್ಕೆ ಸೇರಿಸಿ ನನ್ನದನ್ನು ಕೇಳಿ ಪಡೆದರು. ಗೇಟು ತಲುಪುವವರೆಗೂ ಮರಳಿ ಕೊಡಲಿಲ್ಲ.