ಪೆಟ್ ಸ್ಕ್ಯಾನ್‌ಗೆ ಹೋಗುವ ಮುಂಚೆ ಇದನ್ನೊಂದು ಸಲ ಓದಿ

ನಾನು ತಿಪಟೂರಿನವಳು, ವಯಸ್ಸು 54. ಹೋದ ವರ್ಷ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಬಯಾಪ್ಸಿ ಮಾಡಿಸಿದಾಗ ಲಿಂಫೋಮಾ ಅನ್ನುವ ಒಂದು ಥರದ ಕ್ಯಾನ್ಸರ್ ಅಂತ ಗೊತ್ತಾಯಿತು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ 21 ದಿನಕ್ಕೊಂದರಂತೆ ಆರು ಕೀಮೋ ಅಂದರು. ಕೀಮೋ ಕಷ್ಟ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಬರೆಯುವುದಿಲ್ಲ. ನಾಲ್ಕನೆಯದು ಆದ ಮೇಲೆ, ಕಾಯಿಲೆ ಮೈಯಲ್ಲಿ ಎಲ್ಲೆಲ್ಲಿದೆ ಅಂತ ನೋಡಲು ಮಾಡಿಸಿದ ಪೆಟ್ ಸ್ಕ್ಯಾನ್ ಬಗ್ಗೆ ಮಾತ್ರ ಬರೆಯುತ್ತೇನೆ. ಅದರಿಂದ ನಮ್ಮ ಮನೆಯಲ್ಲಿ ಹನ್ನೊಂದು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸ್ಕ್ಯಾನ್ ಸೆಂಟರ್‌ನಿಂದ ಫೋನ್ ಬಂತು. ಆರು ಗಂಟೆ ಖಾಲಿ ಹೊಟ್ಟೆಯಲ್ಲಿರಿ, ನೀರು ಕುಡಿಯಬಹುದು, ಮಂಗಳವಾರ ಎಂಟೂವರೆಗೆ ಬನ್ನಿ. ಅಷ್ಟೇ. ನಸುಕಿನಲ್ಲೇ ಕಾರಿನಲ್ಲಿ ಹೊರಟೆವು. ತುಮಕೂರು ದಾಟುವಷ್ಟರಲ್ಲಿ ನನಗೆ ಬಾಯಿ ಒಣಗಿತ್ತು. ರಸ್ತೆ ಪಕ್ಕ ಎಳನೀರು ಮಾರುತ್ತಿದ್ದರು. ತೆಂಗಿನ ಸೀಮೆಯವರು ನಾವು, ನಮಗೆ ಎಳನೀರೂ ನೀರೇ ಅಲ್ವಾ? ಒಂದು ಕೊಚ್ಚಿಸಿಕೊಂಡು ಕುಡಿದೆ. ಗಂಜಿ ಮಾತ್ರ ತಿನ್ನಲಿಲ್ಲ, ಖಾಲಿ ಹೊಟ್ಟೆ ಅಂದಿದ್ದರಲ್ಲ ಅಂತ.

ಅಲ್ಲಿ ಬೆರಳು ಚುಚ್ಚಿ ನೋಡಿದರೆ ಶುಗರ್ 238. 200ರ ಮೇಲಿದ್ದರೆ ನಾವು ಮಾಡಲ್ಲ ಅಂದರು. ಯಾಕೆ ಅಂತ ಆಮೇಲೆ ಒಬ್ಬ ಟೆಕ್ನಿಷಿಯನ್ ಹುಡುಗ ಹೇಳಿದ. ಅವರು ಚುಚ್ಚುವ ಔಷಧಿಯೇ ಒಂದು ಥರದ ಸಕ್ಕರೆಯಂತೆ, ಅದಕ್ಕೆ ವಿಕಿರಣದ ಬಾಲ ಕಟ್ಟಿರುತ್ತಾರೆ. ಕ್ಯಾನ್ಸರ್ ಕಣ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತದೆ, ಹಾಗಾಗಿ ಅದಿರುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಚುಚ್ಚಿದ್ದು ಅದಕ್ಕೆ ಬೇಕಾಗುವುದಿಲ್ಲ. ಆ ಔಷಧಿಯನ್ನು ನಾಳೆಗೆ ಎತ್ತಿಡುವಂತೆಯೂ ಇಲ್ಲ. ಸುಮಾರು 110 ನಿಮಿಷಕ್ಕೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ನನ್ನ ಹೆಸರಿಗೆ ತರಿಸಿದ್ದು ವ್ಯರ್ಥವಾಯಿತು ಅಂತ ಮುಂಗಡದಲ್ಲಿ ಎರಡು ಸಾವಿರ ಹಿಡಿದುಕೊಂಡರು.

ತಪ್ಪು ನಂದೇ ಇರಬಹುದು. ಆದರೆ ನನಗೆ ಸಕ್ಕರೆ ಕಾಯಿಲೆ ಇದೆ, ಕೀಮೋ ಜೊತೆ ಕೊಡುವ ಸ್ಟೀರಾಯ್ಡ್ ಮಾತ್ರೆಯಿಂದ ಅದು ಇನ್ನೂ ಏರುತ್ತದೆ. ಇದೆಲ್ಲ ನನ್ನ ಫೈಲಿನಲ್ಲೇ ಇತ್ತು. ಫೋನ್ ಮಾಡಿದ ಹುಡುಗಿ "ಶುಗರ್ ಇದೆಯಾ ಆಂಟಿ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಇನ್ನೊಂದು, ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುವವರಿಗೆ ಸ್ಕ್ಯಾನಿನಲ್ಲಿ ಕರುಳೂ ಹೊಳೆಯುತ್ತದಂತೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ.

ಗುರುವಾರ ಮತ್ತೆ ಹೋದೆವು. ಇಂಗ್ಲಿಷಿನಲ್ಲಿದ್ದ ಫಾರಂ ಅನ್ನು ನಮ್ಮನೆಯವರು ತುಂಬಿದರು. ಹೆಸರು, ವಯಸ್ಸು, ಕಾಯಿಲೆ, ಕೊನೆಯ ಕೀಮೋ ಯಾವತ್ತು. ಬೇರೇನೂ ಕೇಳಿರಲಿಲ್ಲ. ಕೀಮೋ ಆಗಿ ನರಗಳು ಒಳಗೆ ಹೋಗಿದ್ದವು, ಮೂರನೇ ಸಲಕ್ಕೆ ಸೂಜಿ ಹಿಡಿಯಿತು. ಆಮೇಲೆ ಎಸಿ ಕೋಣೆಯಲ್ಲಿ ಒಂದು ಗಂಟೆ ಮಾತಾಡದೆ ಮಲಗಬೇಕು. ಹೊದಿಕೆ ಕೇಳಿದೆ, ಇಲ್ಲ ಅಂದರು. ಚಳಿಗೆ ನಡುಗಿದರೆ ಕುತ್ತಿಗೆಯ ಕೊಬ್ಬೂ ಹೊಳೆಯಬಹುದು ಅಂತ ಆಮೇಲೆ ತಿಳಿಯಿತು. ನನ್ನ ಗಂಟು ಇದ್ದದ್ದೇ ಕುತ್ತಿಗೆಯಲ್ಲಿ! ಶಾಲು ನೀವೇ ತಗೊಂಡು ಹೋಗಿ.

ಜೊತೆಗೆ ಬಂದಿದ್ದ ಮಗಳು ಐದು ತಿಂಗಳ ಬಸುರಿ. ಚುಚ್ಚಿದ ವಿಕಿರಣ ಮೈಯಲ್ಲಿರುವುದರಿಂದ ಸ್ಕ್ಯಾನ್ ಆದವರ ಹತ್ತಿರ ಕೆಲವು ಗಂಟೆ ಗರ್ಭಿಣಿಯರು, ಚಿಕ್ಕ ಮಕ್ಕಳು ಇರಬಾರದು. ಅದು ಗೋಡೆಯ ಮೇಲೆ ಇಂಗ್ಲಿಷಿನಲ್ಲಿ ಅಂಟಿಸಿತ್ತು, ಬಾಯಿಬಿಟ್ಟು ಯಾರೂ ಹೇಳಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ಭುಜಕ್ಕೆ ಒರಗಿ ಮಲಗಿದ್ದಳು. ಒಂದು ಸಲಕ್ಕೆ ಗಾಬರಿಪಡುವಂಥದ್ದೇನಿಲ್ಲ ಅಂತ ಅವಳ ಡಾಕ್ಟರು ಹೇಳಿದರು, ಸರಿ. ಆದರೂ ಅವಳ ಹೆರಿಗೆ ಆಗುವ ತನಕ ನನ್ನ ಎದೆಯಲ್ಲಿ ಅದೊಂದು ಮುಳ್ಳು.

ಮಾರನೇ ದಿನ ರಿಪೋರ್ಟ್. ನಮ್ಮ ಡಾಕ್ಟರು ರಜೆ. ಡ್ಯೂಟಿಯಲ್ಲಿದ್ದ ಚಿಕ್ಕ ಡಾಕ್ಟರು ಕಾರಿಡಾರಿನಲ್ಲೇ ನಿಂತು, ಮೊಬೈಲಿನಲ್ಲಿ ನೋಡುತ್ತಾ ಹೇಳಿದರು: "ಮೂಳೆಗೆ ಹರಡಿದೆ ಅಮ್ಮಾ. ಔಷಧಿ ಬದಲಾಯಿಸಬೇಕಾಗುತ್ತೆ. ಮಜ್ಜೆ ಟೆಸ್ಟ್‌ಗೆ ಡೇಟ್ ತಗೊಳ್ಳಿ." ಎರಡು ನಿಮಿಷವೂ ಆಗಲಿಲ್ಲ. ಪಾರ್ಕಿಂಗ್‌ನಲ್ಲಿ ನಮ್ಮನೆಯವರು ಕಾರಿನ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಜೇಬೆಲ್ಲ ತಡಕಾಡುತ್ತಿದ್ದರು. ನಾನೂ ಹೇಳಲಿಲ್ಲ.

ನಾದಿನಿಯ ಒತ್ತಾಯಕ್ಕೆ ಬೇರೆ ಆಸ್ಪತ್ರೆಯ ಹಿರಿಯ ಡಾಕ್ಟರೊಬ್ಬರ ಹತ್ತಿರ ಹೋದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು ಇದು: "ಕೀಮೋ ಆದ್ಮೇಲೆ ಹೊಟ್ಟೆಗೆ ಇಂಜೆಕ್ಷನ್ ಕೊಟ್ಟಿದ್ರಾ?" ಹೌದು, ಬಿಳಿ ರಕ್ತಕಣ ಏರಿಸಲು ಐದು ದಿನ. ನಮ್ಮೂರಿನ ನರ್ಸ್ ಮನೆಗೇ ಬಂದು ಕೊಡುತ್ತಿದ್ದರು. ಕೊನೆಯದು ಯಾವಾಗ? ಭಾನುವಾರ. ಸ್ಕ್ಯಾನ್? ಗುರುವಾರ.

"ಹಂಗಾದ್ರೆ ಮಜ್ಜೆ ಹೊಳೆಯದೆ ಇನ್ನೇನಾಗುತ್ತಮ್ಮಾ?" ಅಂದರು. ರಕ್ತಕಣ ತಯಾರಾಗುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಆ ಇಂಜೆಕ್ಷನ್ ಮಜ್ಜೆಯನ್ನು ಓವರ್‌ಟೈಮ್ ದುಡಿಸುತ್ತದೆ, ದುಡಿಯುವ ಮಜ್ಜೆ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಇಂಜೆಕ್ಷನ್ ಮುಗಿದು ಆದಷ್ಟು ಎರಡು ವಾರವಾದರೂ ಬಿಟ್ಟು ಸ್ಕ್ಯಾನ್ ಮಾಡಿಸುತ್ತಾರೆ. ಆದರೂ ಚಿತ್ರ ನೋಡದೆ ಖಾತ್ರಿಯಾಗಿ ಹೇಳಲ್ಲ, ಸಿಡಿ ತನ್ನಿ ಅಂದರು.

ಆ ಸಿಡಿಗೆ ಮೂರು ಸಲ ಓಡಾಡಿದ್ದೇವೆ. ಅರ್ಜಿ ಬರೆಯಿರಿ, ರೆಕಾರ್ಡ್ ರೂಮಿನವರು ಊಟಕ್ಕೆ ಹೋಗಿದ್ದಾರೆ, ಸೋಮವಾರ ಬನ್ನಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಅರ್ಜಿಯಲ್ಲಿ ಅಷ್ಟು ಬರೆದು, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡ ಮೇಲೆ ಸಂಜೆಯೇ ಸಿಡಿ ಸಿಕ್ಕಿತು. ಸ್ಕ್ಯಾನ್ ಮಾಡಿಸಿದ ದಿನವೇ ಕೇಳಿ ಇಸ್ಕೊಳ್ಳಿ. ಬರೀ ರಿಪೋರ್ಟ್ ಹಾಳೆ ಹಿಡಿದು ಇನ್ನೊಬ್ಬ ಡಾಕ್ಟರ ಹತ್ತಿರ ಹೋದರೆ ಅರ್ಧ ಕೆಲಸ ಅಷ್ಟೇ.

ಹಿರಿಯ ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ತೋರಿಸಿದರು. ನನ್ನ ಬೆನ್ನುಮೂಳೆ ಮೇಲಿಂದ ಕೆಳಗಿನವರೆಗೆ ಒಂದೇ ಸಮ ಹೊಳೆಯುತ್ತಿತ್ತು, ಟ್ಯೂಬ್‌ಲೈಟ್ ಥರ. ಕಾಯಿಲೆ ಹರಡಿದ್ದರೆ ಸಾಮಾನ್ಯವಾಗಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದಂತೆ. ಆಮೇಲೆ ಕುತ್ತಿಗೆ ತೋರಿಸಿದರು. ಅಲ್ಲಿ ಏನೂ ಇರಲಿಲ್ಲ. ಗಂಟು ಕರಗಿಹೋಗಿತ್ತು! ಅದೂ ರಿಪೋರ್ಟಿನ ಎರಡನೇ ಸಾಲಿನಲ್ಲೇ ಇತ್ತು, ನಮಗೆ ಯಾರೂ ಓದಿ ಹೇಳಿರಲಿಲ್ಲ. ಮೂಳೆಯ ವಿಷಯ ಬರೆದ ಕಡೆ ಒಂದು ಪ್ರಶ್ನಾರ್ಥಕ ಚಿಹ್ನೆಯೂ ಇತ್ತು. ಅದು ಕಾರಿಡಾರಿನಲ್ಲಿ ಎಲ್ಲೋ ಬಿದ್ದುಹೋಗಿತ್ತು.

ನಮ್ಮ ಡಾಕ್ಟರು ರಜೆ ಮುಗಿಸಿ ಬಂದು ಇದನ್ನೆಲ್ಲ ಒಪ್ಪಿದರು. ಔಷಧಿ ಬದಲಾಗಲಿಲ್ಲ, ಮಜ್ಜೆ ಟೆಸ್ಟ್ ಕೈಬಿಟ್ಟರು. ಮಿಕ್ಕ ಎರಡು ಕೀಮೋ ಮುಗಿಸಿ, ಏಳು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿದೆವು. ಈ ಸಲ ಯಾವ ದಿನ ಯಾವ ಇಂಜೆಕ್ಷನ್, ಯಾವ ಮಾತ್ರೆ ಅಂತ ಒಂದು ಹಾಳೆಯಲ್ಲಿ ಬರೆದು ಫಾರಂಗೆ ಪಿನ್ ಹೊಡೆದು ಕೊಟ್ಟೆ. ಕೌಂಟರಿನ ಹುಡುಗಿ ಇದೆಲ್ಲ ಬೇಡ ಆಂಟಿ ಅಂದಳು. ಇರಲಿ ಇಟ್ಕೋ ಮಗಾ ಅಂದೆ. ಮೂಳೆ ಹೊಳೆಯಲಿಲ್ಲ.

ಹಿಡಿದುಕೊಂಡ ಎರಡು ಸಾವಿರ ಇನ್ನೂ ವಾಪಸ್ ಬಂದಿಲ್ಲ. ಕೇಳುತ್ತಾ ಇದ್ದೇನೆ.