ಅಯಸ್ಕಾಂತದ ಅಣು ಮಾದರಿ ಪೆಟ್ಟಿಗೆ: ವಿಲೀನತೆಯ (ನೀರಿನಲ್ಲಿ ಕರಗುವಿಕೆಯ) ಚಿತ್ರ ಬಿಡಿಸಲು ಎಷ್ಟು ನೆರವಾಗುತ್ತದೆ?

ಒಳಗೆ ಪುಟ್ಟ ಅಯಸ್ಕಾಂತಗಳಿರುವ ಈ ಅಣು ಮಾದರಿಗಳನ್ನು ರಸಾಯನಶಾಸ್ತ್ರದ ತರಗತಿಯಲ್ಲಿ ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಕೆಂಪು ಆಕ್ಸಿಜನ್, ಬಿಳಿ ಹೈಡ್ರೋಜನ್ ಇರುವ ನೀರಿನ ಅಣುಗಳು, ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು (ವಿದ್ಯುದಾವೇಶವಿರುವ ಕಣಗಳು), ಒಂದು ಈಥೇನ್ ಪೆಟ್ಟಿಗೆಯಲ್ಲಿವೆ. ಈಥೇನಿನ ಒಂದು ಹೈಡ್ರೋಜನ್ ಕಿತ್ತು ಹೈಡ್ರಾಕ್ಸಿಲ್ (OH) ಗುಂಪನ್ನು ಸಿಕ್ಕಿಸಿದರೆ ಎಥನಾಲ್ ಸಿದ್ಧ.

ಒಂದು ನೀರಿನ ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಕ್ಸಿಜನ್‌ಗೂ ನಡುವಿನ ಸೆಳೆತವೇ ಹೈಡ್ರೋಜನ್ ಬಂಧ. ವಿದ್ಯಾರ್ಥಿಗಳ ಚಿತ್ರಗಳಲ್ಲಿ ಅದರ ಚುಕ್ಕಿಗೆರೆ ಎಲ್ಲೆಂದರಲ್ಲಿ ಇರುತ್ತದೆ. ಕೆಲವರು ಎರಡು ಹೈಡ್ರೋಜನ್‌ಗಳ ನಡುವೆ ಎಳೆಯುತ್ತಾರೆ, ಕೆಲವರು ಅಣುವಿನ ಒಳಗಿನ ಬಂಧವನ್ನೇ ಹೈಡ್ರೋಜನ್ ಬಂಧ ಎಂದು ಗುರುತಿಸುತ್ತಾರೆ. ಎರಡು ಮಾದರಿಗಳನ್ನು ಕೈಗೆ ಕೊಟ್ಟರೆ ಮೊದಲನೆಯ ತಪ್ಪು ಅಲ್ಲೇ ತಿದ್ದಿಕೊಳ್ಳುತ್ತದೆ: ಹೈಡ್ರೋಜನ್‌ಗೆ ಹೈಡ್ರೋಜನ್ ಒಡ್ಡಿದರೆ ಅಣು ಬೆರಳಿನಲ್ಲೇ ತಿರುಗಿ ಆಕ್ಸಿಜನ್ ಕಡೆಗೆ ಮುಖ ಮಾಡುತ್ತದೆ. ಉಪ್ಪು ಕರಗುವುದನ್ನು ತೋರಿಸಲಂತೂ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಸೋಡಿಯಂ ಸುತ್ತ ಆಕ್ಸಿಜನ್‌ಗಳು, ಕ್ಲೋರೈಡ್ ಸುತ್ತ ಹೈಡ್ರೋಜನ್‌ಗಳು. ಇದನ್ನು ಕೈಯಾರೆ ಜೋಡಿಸಿದವರು ಸೋಡಿಯಂ ಕ್ಲೋರೈಡನ್ನು ನೀರಿನಲ್ಲಿ ತೇಲುವ ಜೋಡಿಯಾಗಿ ಮತ್ತೆ ಬಿಡಿಸುವುದಿಲ್ಲ.

ಆದರೆ ಮಾದರಿಯನ್ನು ನೋಡಿದ ಹಾಗೆಯೇ ಹಾಳೆಗೆ ಇಳಿಸಬಾರದು. ಅಣುಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ನಡುವಿನ ಅಂತರ ಕಾಣುವುದೇ ಇಲ್ಲ. ನೀರಿನಲ್ಲಿ ಅಣುವಿನ ಒಳಗಿನ ಸಹವೇಲೆನ್ಸಿ ಬಂಧದ ಉದ್ದ ಸುಮಾರು 0.96 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ), ಹೈಡ್ರೋಜನ್ ಬಂಧ ಅದರ ಸರಿಸುಮಾರು ಎರಡರಷ್ಟು ಉದ್ದ. ಬಲದಲ್ಲಿ ಇನ್ನೂ ದೊಡ್ಡ ವ್ಯತ್ಯಾಸ: ಮೊದಲನೆಯದನ್ನು ಮುರಿಯಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು, ಎರಡನೆಯದಕ್ಕೆ ಸುಮಾರು 20 ಸಾಕು. ಹಾಗಾಗಿ ಗಟ್ಟಿಗೆರೆ ಗಿಡ್ಡವಾಗಿರಲಿ, ಚುಕ್ಕಿಗೆರೆ ಉದ್ದವಾಗಿ ತೆಳುವಾಗಿರಲಿ ಎಂದು ಪ್ರತಿ ಸಲವೂ ಹೇಳಿಯೇ ಬಿಡಿಸಲು ಕೂರಿಸುತ್ತೇನೆ.

ನನ್ನ ನಿಜವಾದ ತಕರಾರು ಈಥೇನ್ ಬಗ್ಗೆ. ಅದರಲ್ಲಿ ಅಯಸ್ಕಾಂತವೇ ಇಲ್ಲ. ನೀರಿನ ಹತ್ತಿರ ತಂದರೆ ಸುಮ್ಮನೆ ಜಾರಿ ಬೀಳುತ್ತದೆ. ಈಥೇನ್ ಇಲ್ಲಿ ಎಣ್ಣೆಯಂಥ, ನೀರಿನೊಂದಿಗೆ ಬೆರೆಯದ ವಸ್ತುಗಳ ಪ್ರತಿನಿಧಿ, ಹಾಗಾಗಿ ಎಣ್ಣೆಗೂ ನೀರಿಗೂ ಯಾವ ಆಕರ್ಷಣೆಯೂ ಇಲ್ಲ ಎಂಬ ತಪ್ಪು ಕಲ್ಪನೆ ಹುಟ್ಟುವುದು ಇಲ್ಲೇ. ಎಲ್ಲ ಅಣುಗಳ ನಡುವೆಯೂ ಇರುವ ದುರ್ಬಲ ಸೆಳೆತಗಳಾದ ಲಂಡನ್ ಬಲಗಳು ಅಲ್ಲಿಯೂ ಇವೆ. ಎಣ್ಣೆ ಬೇರೆಯಾಗಿ ನಿಲ್ಲುವುದಕ್ಕೆ ಮುಖ್ಯ ಕಾರಣ, ನೀರಿನ ಅಣುಗಳು ಅದರ ಸುತ್ತ ತಮ್ಮ ಹೈಡ್ರೋಜನ್ ಬಂಧಗಳನ್ನು ಉಳಿಸಿಕೊಳ್ಳಲು ಹೆಚ್ಚು ಶಿಸ್ತಾಗಿ ನಿಲ್ಲಬೇಕಾಗುವುದು. ಇದನ್ನು ಕಪ್ಪುಹಲಗೆಯ ಮೇಲೆಯೇ ವಿವರಿಸಬೇಕು. ಕಾರ್ಬನ್ ಸರಪಳಿ ಉದ್ದವಾದಂತೆ ಕರಗುವಿಕೆ ಕುಗ್ಗುತ್ತದೆ: ಎರಡು ಕಾರ್ಬನ್‌ನ ಎಥನಾಲ್ ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ, ನಾಲ್ಕು ಕಾರ್ಬನ್‌ನ ಬ್ಯೂಟನಾಲ್ 100 ಮಿಲಿಲೀಟರ್ ನೀರಿಗೆ 7–8 ಗ್ರಾಂ ಮಾತ್ರ ಕರಗುತ್ತದೆ. ಆ ಸರಪಳಿಯನ್ನು ಉದ್ದ ಮಾಡಿ ತೋರಿಸಲು ಪೆಟ್ಟಿಗೆಯಲ್ಲಿ ಬಿಡಿಭಾಗಗಳೇ ಇಲ್ಲ.

ಬಾಳಿಕೆ ಚೆನ್ನಾಗಿದೆ. ಒಂದೆರಡು ಅಯಸ್ಕಾಂತಗಳು ಸಡಿಲವಾದಾಗ ಅಂಟು ಹಾಕಿ ಕೂರಿಸಿದ್ದೇನೆ. ಕಳಚಿದ ಅಯಸ್ಕಾಂತವನ್ನು ನುಂಗಿದರೆ ಜೀವಕ್ಕೆ ಅಪಾಯ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳಿಗೆ ಧೈರ್ಯವಾಗಿ ಕೊಳ್ಳಿ. ತಯಾರಕರು ಮುಂದಿನ ಆವೃತ್ತಿಯಲ್ಲಿ ಆರು ಕಾರ್ಬನ್‌ನ ಸರಪಳಿಯನ್ನೂ, ಅದಕ್ಕೆ ತೀರಾ ದುರ್ಬಲವಾದ ಅಯಸ್ಕಾಂತಗಳನ್ನೂ ಸೇರಿಸಿದರೆ ನಾನು ಇನ್ನೊಂದು ಪೆಟ್ಟಿಗೆ ತರಿಸಿಕೊಳ್ಳುತ್ತೇನೆ.